ಅಂಟಿಗೆ ಹುಡುಕಿ ಆಂಟಿಫನ್ ಹಿಡಿದವರು

ನಮ್ಮ ಭದ್ರಾವತಿ ಓಲ್ಡ್ ಟೌನಿನ ಸಂಶೋಧಕರೊಬ್ಬರು ಅಂಟಿಗೆ-ಪಂಟಿಗೆ ಹಾಡುಗಳ ಮೇಲೆ ಪಿಎಚ್.ಡಿ. ಮುಗಿಸಿದ್ದಾರೆ. ಹಾಡು ಕೇಳಿದ್ದಾರೋ ಎಂದು ಮಾತ್ರ ಕೇಳಬೇಡಿ. ಅಡಿಟಿಪ್ಪಣಿ ಬೇಕಾದಷ್ಟಿವೆ.

ದೀಪಾವಳಿ ರಾತ್ರಿಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಉರಿಯುವ ದೀಪ ಹಿಡಿದ ತಂಡ ಮನೆಮನೆಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡುತ್ತದೆ. ಮನೆಯವರು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಇಲ್ಲಿಂದ ಬೆಳಿಗ್ಗೆ ಹೊರಟು ಶಿವಮೊಗ್ಗದಲ್ಲಿ ಬಸ್ಸು ಬದಲಿಸಿದರೆ ಊಟದ ಹೊತ್ತಿಗೆ ತೀರ್ಥಹಳ್ಳಿ. ಆದರೆ ಗೈಡ್ ಸಾಹೇಬರು ಮೊದಲ ದಿನವೇ ಅಪ್ಪಣೆ ಕೊಡಿಸಿಬಿಟ್ಟರು: "ನೋಡಪ್ಪ, ಹಳ್ಳಿಯೋರು ಹೇಳಿದ್ದೆಲ್ಲ ರೆಫರೆನ್ಸ್ ಆಗಲ್ಲ. ಇಂಟರ್‌ನ್ಯಾಷನಲ್ ಡೇಟಾಬೇಸ್ ನೋಡು. ಅಲ್ಲಿದ್ರೆ ಇದೆ, ಇಲ್ದಿದ್ರೆ ಇಲ್ಲ."

ಸರಿ, ನಮ್ಮವರು ಆಕ್ಸ್‌ಫರ್ಡಿನ ಸಂಗೀತಕೋಶ ಗ್ರೋವ್ ಮ್ಯೂಸಿಕ್ ಆನ್‌ಲೈನ್ ಮುಂದೆ ಕೂತರು. ಅದೂ ಬಾಗಿಲು ಹಾಕಿದ ಮನೆಯೇ. ಹಾಡಿದರೆ ತೆಗೆಯುವುದಿಲ್ಲ, ಚಂದಾ ಕಟ್ಟಬೇಕು. ಬೆಂಗಳೂರಿನ ಗೆಳೆಯನ ಪಾಸ್‌ವರ್ಡ್ ಬೇಡಿ ಒಳಗೆ ಹೋದರು.

ಕೋಶದ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ಶುರು ಮಾಡಿದ ಜಾರ್ಜ್ ಗ್ರೋವ್ ಮೊದಲು ಇಂಜಿನಿಯರ್. ಜಮೈಕಾ, ಬರ್ಮುಡಾಗಳಲ್ಲಿ ಎರಕದ ಕಬ್ಬಿಣದ ಲೈಟ್‌ಹೌಸ್ ನಿಲ್ಲಿಸುವ ಕೆಲಸ ನೋಡಿದವನು. ಕಬ್ಬಿಣದವನು ಅಂದಮೇಲೆ ಕಬ್ಬಿಣದ ಊರು ಭದ್ರಾವತಿಗೆ ನೆಂಟನೇ ಆದ. 1879ರಿಂದ 1889ರವರೆಗೆ ನಾಲ್ಕು ಸಂಪುಟವಾಗಿ ಬಂದದ್ದು 1980ಕ್ಕೆ 20 ಸಂಪುಟ, 2001ಕ್ಕೆ 29. ಅದೇ 2001ರಲ್ಲಿ ಅಂತರ್ಜಾಲಕ್ಕೂ ಏರಿತು. ಲೇಖನಗಳಿಗೆ ಬರೆದವರ ಹೆಸರಿರುತ್ತದೆ, ಮುಂದೆ ಏನು ಓದಬೇಕೆಂಬ ಪಟ್ಟಿಯೂ ಇರುತ್ತದೆ. ಅಲ್ಲಿಂದ ಹೊರಟು ಊರಿಗೆ ಹೋಗುವವನಿಗೆ ಒಳ್ಳೆಯ ದಾರಿಬುತ್ತಿ. ನಮ್ಮವರು ಹೊರಡಲೇ ಇಲ್ಲ, ಬುತ್ತಿ ಬಿಚ್ಚಿಕೊಂಡು ಮನೆಯಲ್ಲೇ ಕೂತರು.

ಇಂಗ್ಲಿಷಿನಲ್ಲಿ 'ಅಂಟಿಗೆ' ಎಂದು ಟೈಪಿಸುತ್ತಾ ಹೋದಂತೆ ಎದುರಾದದ್ದು ಆಂಟಿಫನ್. ಚರ್ಚಿನಲ್ಲಿ ಕೀರ್ತನೆಯ ಹಿಂದೆ ಮುಂದೆ ಹಾಡುವ ಪುಟ್ಟ ಲ್ಯಾಟಿನ್ ಹಾಡು. ಅಲ್ಲೂ ಗುಂಪು, ಇಲ್ಲೂ ಗುಂಪು. ಅಲ್ಲೂ ದೇವರು, ಇಲ್ಲೂ ದೇವರು. ಎರಡೂ ಶುರುವಾಗುವುದು ಒಂದೇ ಅಕ್ಷರದಿಂದ. ಇನ್ನೇನು ಬೇಕು? "ಅಂಟಿಗೆ ಮತ್ತು ಆಂಟಿಫನ್: ಒಂದು ತೌಲನಿಕ ನೋಟ" ಎಂಬ ಮೂರನೇ ಅಧ್ಯಾಯ ಅಂದೇ ಹುಟ್ಟಿತು. ಗೈಡ್ ಸಾಹೇಬರ ಕಣ್ಣಲ್ಲಿ ಆನಂದಬಾಷ್ಪ.

ಈಗ ಇದೇ ಕೋಶದ ಒಂದು ಕಥೆ. 1980ರ ಆವೃತ್ತಿಯಲ್ಲಿ ಡಾಗ್ ಹೆನ್ರಿಕ್ ಎಸ್ರುಮ್-ಹೆಲ್ಲೆರುಪ್ ಎಂಬ ಡೆನ್ಮಾರ್ಕಿನ ಸಂಗೀತಗಾರನ ಮೇಲೊಂದು ನಮೂದಿತ್ತು. ಹುಟ್ಟಿದ್ದು 1803, ತೀರಿಕೊಂಡದ್ದು 1891, ಕೊಳಲು ಬಲ್ಲವನು. ಕೊರತೆ ಒಂದೇ, ಅಂಥ ಮನುಷ್ಯ ಭೂಮಿಯ ಮೇಲೆ ಇರಲೇ ಇಲ್ಲ. ಬರಹಗಾರನೊಬ್ಬ ಕುಚೋದ್ಯಕ್ಕೆ ಕೋಪನ್‌ಹೇಗನ್ ಕಡೆಯ ಎರಡು ಊರ ಹೆಸರು ಜೋಡಿಸಿ ಸೃಷ್ಟಿಸಿದ್ದ. ನಮ್ಮ ರೈಲುದಾರಿಯಲ್ಲಾಗಿದ್ದರೆ ಅವನು ಮಸರಹಳ್ಳಿ ತರೀಕೆರಪ್ಪ. ಗೊತ್ತಾದ ಮೇಲೆ ಮುಂದಿನ ಮುದ್ರಣದಲ್ಲಿ ಕಿತ್ತುಹಾಕಿದರು. ಗೈಡ್ ಸಾಹೇಬರ ಲೆಕ್ಕದಲ್ಲಿ ಆ ಪುಣ್ಯಾತ್ಮ ಸ್ವಲ್ಪ ಕಾಲವಾದರೂ ಇದ್ದ. ದೀಪ ಹಿಡಿದು ನಿಂತ ತೀರ್ಥಹಳ್ಳಿಯ ಅಜ್ಜ ಒಂದು ದಿನವೂ ಇರಲಿಲ್ಲ.

ಅಜ್ಜನ ಹಾಡು ಪ್ರಬಂಧದೊಳಗೆ ಬಂದದ್ದು ಅನುಬಂಧದಲ್ಲಿ. ಅದನ್ನೂ ಸಂಶೋಧಕರ ಅತ್ತೆ ಫೋನಿನಲ್ಲಿ ಹೇಳಿ ಬರೆಸಿದರು. ಅತ್ತೆಯ ಹೆಸರು ಎಲ್ಲೂ ಇಲ್ಲ. ಅವರು ಪೀರ್ ರಿವ್ಯೂಡ್ ಅಲ್ಲವಲ್ಲ! ಆಮೇಲೆ ಕೃತಿಚೌರ್ಯದ ತಪಾಸಣೆ. ಯುಜಿಸಿಯ 2018ರ ನಿಯಮದಂತೆ ಶೇಕಡ 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ. ಆಂಟಿಫನ್ ಅಧ್ಯಾಯ ಕೆಂಪು ಕೆಂಪಾಗಿ ಹೊರಬಂತು, ನಾಲ್ಕು ಸಲ ತಿದ್ದಿದರು. ಅತ್ತೆಯ ಹಾಡಿಗೆ ಮಾತ್ರ ಹೋಲಿಕೆ ಸೊನ್ನೆ. ತಲೆಮಾರುಗಳಿಂದ ಹಾಡಿಕೊಂಡು ಬಂದ ಹಾಡು ನಮ್ಮವರ ಸ್ವಂತ ಕೃತಿ ಎಂದು ಕಂಪ್ಯೂಟರೇ ಸರ್ಟಿಫಿಕೇಟು ಕೊಟ್ಟಿತು.

ಇದೇ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯವಿದೆ, ಜಾನಪದ ಹಾಡುಗಾರರನ್ನು ಕರೆಸಿ ಹಾಡಿಸುತ್ತ ಬಂದಿದೆ. ಹೋಗಿ ವಿಚಾರಿಸಬಹುದಿತ್ತಲ್ಲ ಎಂದೆ. "ಅದಕ್ಕೆ ಡಿಒಐ ನಂಬರ್ ಇರುತ್ತಾ ಸಾರ್?" ಎಂದರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು "ಜಾಗತಿಕ ದೃಷ್ಟಿ" ಎಂದು ಬೆನ್ನು ತಟ್ಟಿ, ಗೋಡಂಬಿ ತಿಂದು, ಸಂಜೆ ರೈಲಿಗೆ ಹೊರಟರು. ಗೈಡ್ ಸಾಹೇಬರು ಈಗ ಇನ್ನೊಬ್ಬ ಹುಡುಗನಿಗೆ ಡೊಳ್ಳು ಕುಣಿತ ಕೊಟ್ಟಿದ್ದಾರೆ. ಅವನಿಗೆ ಆಗಲೇ ಡಲ್ಸಿಮರ್ ಸಿಕ್ಕಿದೆಯಂತೆ.