ಗುಳಿಗಿ ಮೀಮಾಂಸೆ: ಮೊಣಕಾಲು ಪ್ರಕರಣ

ವಿಜಯಪುರ ಸೀಮೆಯಲ್ಲಿ ನೋವಿನ ಗುಳಿಗಿಯನ್ನು ಕುರಿತು ಮೂರು ಮತಗಳು ಪ್ರಚಲಿತವಾಗಿವೆ. ವರ್ಣವಾದಿಗಳ ಪ್ರಕಾರ ಔಷಧಕ್ಕೆ ಹೆಸರಿಲ್ಲ, ಬಣ್ಣವಷ್ಟೇ ಉಂಟು. 'ಹೋದ ಸಲ ಕೊಟ್ಟಿದ್ರಲ್ಲಾ, ಹಸರಂದು, ಅದನ್ನ ಎರಡ್ ಕೊಡ್ರಿ' ಎಂಬುದು ಅವರ ಸೂತ್ರ. ವೈದ್ಯರ ಚೀಟಿ ಬೇಕೆಂದು ಪಟ್ಟಿಯ ಮೇಲೆ ಎಳೆದ ಕೆಂಪು ಗೆರೆ ಅವರಿಗೆ ಬರೀ ಅಲಂಕಾರ.

ಚೀಟಿವಾದಿಗಳು ಶಿಸ್ತಿನವರು, ಚೀಟಿಯಿಲ್ಲದೆ ಗುಳಿಗಿ ಮುಟ್ಟರು. ಚೀಟಿ ವೈನಿಯದಾದರೂ ಅಡ್ಡಿಯಿಲ್ಲ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಹಲವು ಸಲ ಮಾರ್ದನಿಸುವಂತೆ, ನಗರದಲ್ಲಿ ಒಬ್ಬರಿಗೆ ಬರೆದದ್ದು ಬಬಲೇಶ್ವರದ ಓಣಿಯಲ್ಲೆಲ್ಲ ಕೇಳಿಸುತ್ತದೆ.

ಮೂರನೆಯವರು ದ್ವೈತಿಗಳು. ಡಾಕ್ಟರು ಬರೆದದ್ದೊಂದು, ಅಂಗಡಿಯವರು ಕೊಟ್ಟದ್ದೊಂದು. ಹೆಸರು ಬೇರೆ, ಆದ್ದರಿಂದ ಔಷಧವೂ ಬೇರೆ ಎಂದು ಎರಡನ್ನೂ ನುಂಗುತ್ತಾರೆ. ಸಣ್ಣಕ್ಷರ ಓದಿದರೆ ಎರಡರಲ್ಲೂ ಡೈಕ್ಲೊಫಿನಾಕ್. ಒಂದರಲ್ಲಿ ಅಸಿಕ್ಲೊಫಿನಾಕ್ ಇದ್ದರೂ ಕುಲ ಒಂದೇ. ಮೂತ್ರಪಿಂಡ ಮಾತ್ರ ಅಪ್ಪಟ ಅದ್ವೈತಿ. ನಾಮರೂಪಗಳಿಗೆ ಮರುಳಾಗದೆ ಒಟ್ಟು ಲೆಕ್ಕ ಹಿಡಿಯುತ್ತದೆ.

ಪ್ರಮಾಣ ಬೇಕೆ? ಇದೇ ಕುಲದ ಆಸ್ಪಿರಿನ್ ಪ್ರೊಸ್ಟಾಗ್ಲಾಂಡಿನ್‌ ತಯಾರಿಯನ್ನೇ ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ನೋವು, ಬಾವು ಹೆಚ್ಚಿಸುವ ಈ ವಸ್ತುವೇ ಹೊಟ್ಟೆಯ ಒಳಪದರವನ್ನೂ ಕಾಯುತ್ತದೆ. ಮೈಯಲ್ಲಿ ನೀರು ಬತ್ತಿದಾಗ ಮೂತ್ರಪಿಂಡಕ್ಕೆ ರಕ್ತ ಹರಿಯಲೂ ಅದೇ ಬೇಕು. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ಬಿಸಿಲಿಗೆ ಬೆವರಿ, ರೊಟ್ಟಿಗಂಟು ಬಿಚ್ಚುವ ಮೊದಲೇ ಗುಳಿಗಿ ನುಂಗಿದವರು ಎರಡರ ಕಾವಲನ್ನೂ ಒಂದೇ ಗುಟುಕಿಗೆ ತೆಗೆಯುತ್ತಾರೆ.

ಇನ್ನೂ ಸಂಶಯವಿದ್ದರೆ ರಣಹದ್ದುಗಳನ್ನು ಕೇಳಬೇಕು. ಕೇಳಲು ಉಳಿದಿರುವವು ತೀರ ಕಡಿಮೆ. ಡೈಕ್ಲೊಫಿನಾಕ್ ಕೊಟ್ಟಿದ್ದ ದನಗಳ ಹೆಣ ತಿಂದು, ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಸರ್ಕಾರ ಈ ಮದ್ದನ್ನು ದನಗಳಿಗೆ ನಿಷೇಧಿಸಿತು. ಮನುಷ್ಯರಿಗೆ ಬಿಟ್ಟಿತು, ವಿವೇಕವುಳ್ಳವರೆಂದು ಭಾವಿಸಿರಬೇಕು.

'ಜೋಡಿ ಗ್ಯಾಸಿಂದೊಂದು ತಗೊಂಡ್ರ ಏನೂ ಆಗೂದಿಲ್ಲ' ಎಂಬ ಪ್ರಾಯಶ್ಚಿತ್ತವಾದವೂ ಇದೆ. ಅದು ಹೊಟ್ಟೆಯನ್ನಷ್ಟೇ ಕಾದೀತು. ಹೃದಯ, ಮೂತ್ರಪಿಂಡ ಅದರ ಸರಹದ್ದಿನಾಚೆ.

ಸಿದ್ಧಾಂತ ಚಿಕ್ಕದು, ಅದಕ್ಕೇ ಜನಪ್ರಿಯವಾಗಿಲ್ಲ: ಉಂಡ ಮೇಲೆ, ಸಾಲುವಷ್ಟೇ, ಆದಷ್ಟು ಕಡಿಮೆ ದಿನ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ, ಹಳೆಯ ಹೊಟ್ಟೆಹುಣ್ಣು ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಡೆಂಗಿ ಶಂಕೆಯ ಜ್ವರಕ್ಕೆ ಬೇಡವೇ ಬೇಡ. ಮಲ ಕಪ್ಪಾದರೆ ಗುಳಿಗಿ ನಿಲ್ಲಿಸಿ ಆಸ್ಪತ್ರೆಗೆ.

ಪೂರ್ವಪಕ್ಷಿ ಕೊನೆಗೊಂದು ಆಕ್ಷೇಪ ಎತ್ತಿದರು: 'ಎಲ್ಲಾ ಖರೇರಿ, ಆದ್ರ ಮೊಣಕಾಲು?' ಹಚ್ಚುವ ಜೆಲ್ ಸಾಕಾದೀತು, ಅದರಿಂದ ರಕ್ತಕ್ಕೆ ಇಳಿಯುವುದು ಬಲು ಕಡಿಮೆ ಎಂದೆವು. ಬಹಳ ಹೊತ್ತು ಯೋಚಿಸಿ ಒಪ್ಪಿದರು.

'ಹಚ್ಚಿಕೋತೀನ್ರಿ. ಮ್ಯಾಲೊಂದ್ ಗುಳಿಗೀನೂ ಇರ್ಲಿ.'