ಕೇಳುವುದು ಬಿಡಿ, ‘ಹೌದು’ ಬಿಡಬೇಡಿ

ಲಿನಕ್ಸ್‌ನಲ್ಲಿ ಸೋರ್ಸ್ ಕೋಡಿನಿಂದ ಏನಾದರೂ ಬಿಲ್ಡ್ ಮಾಡಿದವರಿಗೆ, ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಮೊದಲು ವಿಚಾರಿಸುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಗೊತ್ತು. ತಾಲ್ಲೂಕು ಕಚೇರಿಗೆ ಸೇರಬೇಕಿದ್ದ ಗುಮಾಸ್ತ, ದಾರಿತಪ್ಪಿ ಕಂಪ್ಯೂಟರಿಗೆ ಬಂದಿದ್ದಾನೆ. ಸಿ ಕಂಪೈಲರ್ ಇದೆಯಾ? ಇದೆ. ಕೆಲಸ ಮಾಡುತ್ತದಾ? ಮಾಡುತ್ತದೆ. ‘ಸ್ಟ್ರಿಂಗ್ ಡಾಟ್ ಎಚ್’ ಎಂಬ ಹೆಡರ್ ಫೈಲ್ ಇದೆಯಾ? ಇದೆ ಮಾರಾಯ, ನಿನ್ನೆಯೂ ಇತ್ತು! ಶಿವಮೊಗ್ಗದ ಮಾಚೇನಹಳ್ಳಿಯ ಐಟಿ ಪಾರ್ಕಿನಲ್ಲಿ ಬಿಲ್ಡ್‌ಗೆ ಹಚ್ಚಿ ಕಾಫಿಗೆ ಹೋದವರು ವಾಪಸ್ ಬಂದರೂ ವಿಚಾರಣೆ ಮುಗಿದಿರುವುದಿಲ್ಲ.

ಈ ಗುಮಾಸ್ತನನ್ನು ತಯಾರಿಸುವ ಆಟೋಕಾನ್ಫ್ ಹುಟ್ಟಿದ್ದು 1991ರಲ್ಲಿ. ಆಗ ಕಂಪನಿಗೊಂದು ಯುನಿಕ್ಸ್. 1989ರ ಸಿ ಮಾನದಂಡ ಎಲ್ಲರಿಗೂ ತಲುಪಿರಲಿಲ್ಲ. ಕೇಳಿದ್ದು ನ್ಯಾಯವೇ. ಆ ಯಂತ್ರಗಳೆಲ್ಲ ಗುಜರಿಗೆ ಹೋದವು, ಪ್ರಶ್ನೆ ಮಾತ್ರ ಸೇವೆಯಲ್ಲಿ ಉಳಿಯಿತು.

ಹಾಗಾದರೆ ಕಿತ್ತು ಬಿಸಾಡಿ ಅನ್ನುತ್ತೀರಿ. ಆದರೆ ‘ಹೌದು’ ಎಂಬ ಉತ್ತರ ‘ಕಾನ್ಫಿಗ್ ಡಾಟ್ ಎಚ್’ ಎಂಬ ಕಡತದಲ್ಲಿ ದಾಖಲಾಗಿರುತ್ತದೆ. ಹಳೇ ಪ್ರೋಗ್ರಾಂ ನೋಡುವುದು ಆ ಕಡತವನ್ನೇ. ಅಲ್ಲಿ ಬರೆದಿಲ್ಲವೋ, ಕಣ್ಣೆದುರು ಹೆಡರ್ ಫೈಲ್ ಕೂತಿದ್ದರೂ ಅದು ಇಲ್ಲ. ಪ್ರೋಗ್ರಾಂ 1980ರ ದಶಕದ ಅಡ್ಡದಾರಿ ಹಿಡಿಯುತ್ತದೆ. ಎದುರು ನಿಂತ ಅಜ್ಜನಿಗೆ ‘ಬದುಕಿದ್ದೀರಿ ಅನ್ನಲಿಕ್ಕೆ ದಾಖಲೆ?’ ಎಂದು ಕೇಳುವ ಕೌಂಟರಿನಲ್ಲಿ ನಿಂತು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆಟೋಕಾನ್ಫ್‌ನ 2012ರ ಆವೃತ್ತಿ 2.69ರ ನಂತರ 2.70 ಬಂದದ್ದು 2020ರ ಡಿಸೆಂಬರಿನಲ್ಲಿ. ಅದರಲ್ಲಿ ಕಂಡುಕೊಂಡ ಉಪಾಯ: ಉದ್ದನೆಯ ಹಳೇ ಪರೀಕ್ಷೆ ರದ್ದು, ಪ್ರಮಾಣಪತ್ರ ಮುಂದುವರಿಕೆ. ಹೆಚ್ಚೇನೂ ಕೇಳದೆಯೇ ‘ಹೌದು’ ಬರೆದುಬಿಡುವುದು! ಅಷ್ಟಾದರೂ ಕೆಲವರ ಬಿಲ್ಡ್ ಮುರಿಯಿತು. ಹಳೇ ಪರೀಕ್ಷೆ ತನ್ನ ಕೆಲಸಕ್ಕೆಂದು ‘ಈಗ್ರೆಪ್’ ಎಂಬ ಉಪಕರಣವನ್ನು ಹುಡುಕಿಡುತ್ತಿತ್ತು. ಅದನ್ನು ಕೇಳದೆ, ಹೇಳದೆ ಬಳಸುತ್ತಿದ್ದ ಸ್ಕ್ರಿಪ್ಟುಗಳು ಪರೀಕ್ಷೆ ಹೋದ ದಿನ ಬಾಯಿ ಬಡಿದುಕೊಂಡವು. ಬಿಟ್ಟಿ ಸಿಕ್ಕಿದ್ದನ್ನೂ ಹಕ್ಕು ಅಂದುಕೊಳ್ಳುವುದು ಮನುಷ್ಯರ ಗುಣ ಮಾತ್ರ ಅಲ್ಲ.

ಹಳೆಯದನ್ನು ನೆಚ್ಚಿಕೊಂಡವರನ್ನು ಕೈಬಿಡದಿರುವುದರಲ್ಲಿ ರೈಲ್ವೆಯವರು ಜಾಣರು. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನ ‘ಶಿಮೋಗಾ’ ಹೋಗಿ ‘ಶಿವಮೊಗ್ಗ’ ಬಂತು. ಟೌನ್ ನಿಲ್ದಾಣದ ಸಂಕೇತ ಮಾತ್ರ ಎಸ್‌ಎಂಇಟಿ ಆಗಿಯೇ ಉಳಿಯಿತು. ಟಿಕೆಟ್ ನಿಲ್ಲಲಿಲ್ಲ.

ಪಕ್ಕದ ಭದ್ರಾವತಿಯಲ್ಲಿ ಕೇಳದೆಯೇ ‘ಹೌದು’ ಬರೆಯುವ ವಿದ್ಯೆ ಇನ್ನೂ ಮುಂದುವರಿದಿದೆ. ಎಂಪಿಎಂ ಕಾಗದ ಕಾರ್ಖಾನೆ ಓಡುತ್ತಿದೆಯಾ? 2015ರಿಂದ ನಿಂತಿದೆ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ? 2023ರ ಜನವರಿಯಲ್ಲಿ ಅದರ ಒಡೆಯ ಸೈಲ್ ಮುಚ್ಚುವ ತೀರ್ಮಾನ ಮಾಡಿತ್ತು. ಚುನಾವಣಾ ಭಾಷಣಗಳಿಗೆ ಈ ತಪಾಸಣೆಯ ಕಾಟವಿಲ್ಲ, ಉತ್ತರ ಮೊದಲೇ ಬರೆದಿಟ್ಟಿರುತ್ತದೆ: ‘ಪುನಶ್ಚೇತನ, ಹೌದು’. ಆಟೋಕಾನ್ಫ್‌ನವರಾದರೋ ಕೇಳುವುದನ್ನು ಬಿಟ್ಟಿದ್ದು ‘ಇಲ್ಲ’ ಅನ್ನುವ ಯಂತ್ರ ಹೆಚ್ಚುಕಡಿಮೆ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ.