ಆತ್ಮಸಾಕ್ಷಿಯ ಸಂಚಾರ ಮತ್ತು ಸವಲತ್ತಿನ ಪುನರ್ಜನ್ಮ: ರಾಷ್ಟ್ರಪತಿ ಚುನಾವಣೆ ಕುರಿತ ಒಂದು ಶಾಸ್ತ್ರೀಯ ವಿವೇಚನೆ

ಯಾವುದೇ ಶಾಸ್ತ್ರಗ್ರಂಥವನ್ನು ಆರಂಭಿಸುವ ಮೊದಲು ಅದಕ್ಕೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಸಂಬಂಧವೇನು ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಪೂರ್ವಸೂರಿಗಳ ಕಟ್ಟಳೆ. ಅದನ್ನು ಮೀರುವ ಧೈರ್ಯ ಪ್ರಸ್ತುತ ಲೇಖಕನಿಗಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ತನಗೆ ಮತವೇ ಇಲ್ಲದಿದ್ದರೂ ಅದರ ಬಗ್ಗೆ ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆಯವರೆಗೆ ವಾದಿಸಬಲ್ಲ ಪ್ರಜೆಯೇ ಇಲ್ಲಿ ಅಧಿಕಾರಿ. ಆ ವಾದವೇ ವಿಷಯ. ಪ್ರಯೋಜನ ಇಲ್ಲ. ಸಂಬಂಧ ಕೆಡುತ್ತದೆ, ನಿದರ್ಶನವನ್ನು ಮುಂದೆ ಕೊಡಲಾಗುವುದು.

ಮೊದಲು ಗಣಿತಪಾದ. ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ ಈ ಚುನಾವಣೆಯಲ್ಲಿ 131ರ ಬೆಲೆ. ರಾಜ್ಯದ ಜನಸಂಖ್ಯೆಯಾದ 2,92,99,014ನ್ನು 224 ಶಾಸಕರಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಈ ಫಲ ಸಿದ್ಧಿಸುತ್ತದೆ. ಮೂರು ಕೋಟಿಗೂ ಕಡಿಮೆ ಜನರೆ ಎಂದು ಶಿಷ್ಯನು ಹುಬ್ಬೇರಿಸಬಾರದು. ಲೆಕ್ಕ 1971ರ ಜನಗಣತಿಯದು. ಆ ಗಣತಿಯ ನಂತರ ಹುಟ್ಟಿದವರು ಈ ಗಣಿತದ ದೃಷ್ಟಿಯಲ್ಲಿ ಇನ್ನೂ ಹುಟ್ಟಿಲ್ಲ. ಅವರ ಅಸ್ತಿತ್ವದ ಬಗ್ಗೆ ದಾರ್ಶನಿಕರಲ್ಲಿ ಭಿನ್ನಮತವಿದ್ದರೂ ಆದಾಯ ತೆರಿಗೆ ಇಲಾಖೆಗೆ ಯಾವ ಸಂಶಯವೂ ಇಲ್ಲ. ಇದೇ ಸೂತ್ರದಿಂದ ಉತ್ತರ ಪ್ರದೇಶದ ಶಾಸಕರಿಗೆ 208, ಸಿಕ್ಕಿಮಿನವರಿಗೆ 7. 2022ರಲ್ಲಿ ಸಂಸದರ ಮತಕ್ಕೆ 700. ನಮ್ಮ ವಿಧಾನ ಪರಿಷತ್ತಿನ 75 ಮಂದಿಗೆ ಸೊನ್ನೆ. ಪರಿಷತ್ತಿನ ಸದಸ್ಯರಿಗೆ ಈ ಚುನಾವಣೆಯಲ್ಲಿ ಮತವಿಲ್ಲ, ಸಂಬಳವಿದೆ. ಅದು ಬೇರೆ ಗಣಿತ, ಬೇರೆ ಪಾದದಲ್ಲಿ ಬರುತ್ತದೆ.

ಇನ್ನು ಉಪಕರಣಪಾದ. ಶಾಸಕರಿಗೆ ಗುಲಾಬಿ ಮತಪತ್ರ, ಸಂಸದರಿಗೆ ಹಸಿರು. ಗುರುತು ಹಾಕಲು ಚುನಾವಣಾ ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನು. ಜೇಬಿನಿಂದ ಸ್ವಂತ ಪೆನ್ನು ತೆಗೆದು ಬರೆದರೆ ಆ ಮತ ಅಸಿಂಧು. ಹೀಗೆ ತುಂಬಿದ ಪೆಟ್ಟಿಗೆ ಮರುದಿನದ ಹೊತ್ತಿಗೆ ದೆಹಲಿ ಸೇರಬೇಕು. 2022ರಲ್ಲಿ ರಾಜ್ಯ ರಾಜ್ಯಗಳಿಗೆ ಹೊರಟ ಈ ಪೆಟ್ಟಿಗೆಗಳಿಗೆ ವಿಮಾನದಲ್ಲಿ ಪ್ರತ್ಯೇಕ ಟಿಕೆಟ್ಟು ತೆಗೆಯಲಾಯಿತು. ಪ್ರಯಾಣಿಕರ ಹೆಸರು: ‘ಮಿಸ್ಟರ್ ಬ್ಯಾಲೆಟ್ ಬಾಕ್ಸ್’. ಮುಂದಿನ ಸಾಲಿನ ಸೀಟು, ಪಕ್ಕದಲ್ಲಿ ಅಧಿಕಾರಿ. ಭಾರತದಲ್ಲಿ ಗಣ್ಯರ ಸಹವಾಸ ಮಾಡಿದ ಯಾವ ವಸ್ತುವೂ ಸಾಮಾನ್ಯ ಸಾಮಾನಾಗಿ ಉಳಿಯಲಾರದು ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಕೆ? ಪೆಟ್ಟಿಗೆ ದೆಹಲಿಯಿಂದ ಬರುವಾಗ ಖಾಲಿ, ಹೋಗುವಾಗ ಭರ್ತಿ. ದೆಹಲಿಗೆ ಹೋಗಿಬರುವ ಇತರರ ಪ್ರಯಾಣಕ್ಕೆ ಇದು ವಿಲೋಮವೆಂಬುದನ್ನು ಗಮನಿಸಿ ಮುಂದೆ ಸಾಗೋಣ.

ಈಗ ಈ ಗ್ರಂಥದ ಜೀವಾಳವಾದ ಆತ್ಮಸಾಕ್ಷಿ. ಇದು ರಾಜಕಾರಣಿಯ ದೇಹದಲ್ಲಿ ಎಲ್ಲಿರುತ್ತದೆಂದು ವೈದ್ಯಶಾಸ್ತ್ರ ಹೇಳಿಲ್ಲ. ಆದರೆ ಅದು ಸಾರ್ವಜನಿಕವಾಗಿ ಪ್ರಕಟವಾದ ಕಾಲ ಮಾತ್ರ ದಾಖಲಾಗಿದೆ: 1969. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತ್ತು. ಗಾಜಿನ ಮನೆಯಲ್ಲಿ ಕೂತು ಕಲ್ಲು ಎಸೆದಾಡಿದರೆಂದು ಬರೆಯಲು ಕೈ ತುರಿಸುತ್ತದೆ. ಆದರೆ ಈ ಹಾಸ್ಯವನ್ನು ಅಂದಿನ ಪತ್ರಕರ್ತರೇ ಸವೆಸಿರಬಹುದಾದ್ದರಿಂದ ಬಿಟ್ಟಿದ್ದೇನೆ. ಪಕ್ಷದ ಪಾರ್ಲಿಮೆಂಟರಿ ಬೋರ್ಡು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಮನಸ್ಸಿಲ್ಲ, ಆದರೂ ನಾಮಪತ್ರಕ್ಕೆ ಸಹಿ ಬಿತ್ತು. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರು ಬ್ಯಾಂಕ್ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಮಾಡಿ, ರಾಜೀನಾಮೆ ಕೊಟ್ಟು, ಪಕ್ಷೇತರರಾಗಿ ನಿಂತರು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಅವರು ಜನಸಂಘ, ಸ್ವತಂತ್ರ ಪಕ್ಷದ ಮುಖಂಡರನ್ನು ಕಂಡು ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಿದರು. ಪ್ರಧಾನಿಯವರು ವಿಪ್ ಹೊರಡಿಸಲು ಒಲ್ಲೆನೆಂದರು, ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ಅಲ್ಲಿಯವರೆಗೆ ನಿದ್ರಾವಸ್ಥೆಯಲ್ಲಿದ್ದ ಆತ್ಮಸಾಕ್ಷಿಗಳು ನೂರಾರು ಸಂಖ್ಯೆಯಲ್ಲಿ ಏಕಕಾಲಕ್ಕೆ, ಒಂದೇ ದಿಕ್ಕಿಗೆ ಎದ್ದು ಕೂತವು.

ಎಣಿಕೆಯಲ್ಲಿ ಮೊದಲ ಪ್ರಾಶಸ್ತ್ಯದಿಂದ ಯಾರೂ ಗೆಲ್ಲಲಿಲ್ಲ. ಬೇಕಾದದ್ದು 4,18,169, ಗಿರಿಯವರಿಗೆ ಬಂದದ್ದು 4,01,515, ರೆಡ್ಡಿಯವರಿಗೆ 3,13,548. ಎರಡನೇ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ 1965ರಿಂದ 67ರವರೆಗೆ ಇಲ್ಲಿ ರಾಜ್ಯಪಾಲರಾಗಿದ್ದವರು ಇದೇ ಗಿರಿಯವರು. ಸರ್ಕಾರ ಬರೆದುಕೊಟ್ಟ ಭಾಷಣವನ್ನು ರಾಜ್ಯಪಾಲರು ಓದುವುದು ಪದ್ಧತಿ. ಬರೆದುಕೊಟ್ಟ ಕಡೆಯವರಿಗೆ ಓದಿದವರು ಕೊಟ್ಟ ಉತ್ತರವೆಂದು ಗಿರಿಯವರ ಗೆಲುವನ್ನು ವ್ಯಾಖ್ಯಾನಿಸುವ ಪಂಥವೊಂದು ಇರಬೇಕಿತ್ತು. ಇಲ್ಲದಿದ್ದರೆ ಇಂದಿನಿಂದ ಇದೆ ಎಂದು ತಿಳಿಯತಕ್ಕದ್ದು.

ಕ್ಷೇತ್ರಕಾರ್ಯಕ್ಕೆಂದು ಚಿತ್ರದುರ್ಗ ಸೀಮೆಯ ಒಂದು ಜಗುಲಿಯನ್ನು ಆರಿಸಿಕೊಳ್ಳಲಾಯಿತು. ಮಾಹಿತಿದಾರರು ಇಬ್ಬರು: ಒಬ್ಬರು ಭಾವ, ಇನ್ನೊಬ್ಬರು ಭಾಮೈದ. ಇಬ್ಬರಿಗೂ ಹಲ್ಲಿಲ್ಲ, ನೆನಪಿದೆ. ಒಂದು ಕಡ್ಡಿ ಗೀರಿದ್ದಷ್ಟೇ ಸಂಶೋಧಕನ ಕೆಲಸ.

“ನಿಜಲಿಂಗಪ್ಪನೋರು ಮಾಡಿದ್ ತಪ್ಪಾದ್ರೂ ಏನು ಹೇಳಿ ಭಾವ. ಬೋರ್ಡಲ್ಲಿ ಕೂತು ಒಪ್ಪಿ, ರುಜು ಹಾಕಿ, ಆಮ್ಯಾಕೆ ಕೈ ಕೊಡೋದಾ?”

“ರುಜು ಹಾಕಿದ್ದು ಜುಲೈನಾಗೆ. ನಿಮ್ಮೋರು ಆಗಸ್ಟ್‌ನಾಗೆ ಜನಸಂಘದೋರ ಬಾಗ್ಲಿಗೆ ಯಾಕ್ ಹೋದ್ರಯ್ಯಾ?”

“ಎರಡ್ನೇ ಓಟು ಕೇಳಾಕೆ.”

“ಹೂಂ, ಮೊದಲ್ನೇದು ಸಿಗಲ್ಲ ಅಂತ ಗೊತ್ತಿತ್ತಲ್ಲ, ಅದುಕ್ಕೇ!”

“ಶಿಸ್ತು ಅನ್ನೋದು ಬ್ಯಾಡ್ವಾ ಪಕ್ಷಕ್ಕೆ?”

“ಶಿಸ್ತು ಬೇಕು. ಬಡವ್ರಿಗೆ ಬ್ಯಾಂಕೂ ಬೇಕು.”

“ಬ್ಯಾಂಕಿಗೂ ಗಿರಿಗೂ ಏನ್ ಭಾವ ಸಂಬಂಧ? ಆ ಬ್ಯಾಂಕಿನೋರೇ ಅಲ್ವಾ ನಿಮ್ ಬೋರ್‌ವೆಲ್ ಸಾಲುಕ್ಕೆ ನೋಟೀಸ್ ಕಳ್ಸಿದ್ದು?”

ಈ ಹಂತದಲ್ಲಿ ಒಳಗಿನಿಂದ ಮೂರನೆಯ ದರ್ಶನವೊಂದು ಕೇಳಿಬಂತು: “ಗಿರಿನೂ ಹೋದ್ರು, ರೆಡ್ಡಿನೂ ಹೋದ್ರು, ಇವ್ರಿಬ್ರು ಇನ್ನಾ ಓಟ್ ಎಣಿಸ್ತಾ ಕುಂತವ್ರೆ. ಮುದ್ದೆ ಆರ್ತೈತೆ, ಏಳ್ರಿ!” ಭಾವ ಎದ್ದರು. ಭಾಮೈದ ಊಟ ಬೇಡವೆಂದು ಮೆಟ್ಟು ಮೆಟ್ಟಿ ಹೊರಟರು. ಆರಂಭದಲ್ಲಿ ಹೇಳಿದ ನಾಲ್ಕನೆಯ ಅಂಗವಾದ ಸಂಬಂಧಕ್ಕೆ ನಿದರ್ಶನ ಇಲ್ಲಿಗೆ ಸಿದ್ಧವಾಯಿತು.

ಈ ಸಂವಾದದಿಂದ ಹೊರಡುವ ತತ್ವ ಕ್ಷುಲ್ಲಕವಲ್ಲ. ಇಬ್ಬರೂ ಹೇಳಿದ್ದು ನಿಜವೇ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಳ್ಳೆನ್ನಲೂ ಇಲ್ಲ. ವ್ಯತ್ಯಾಸವಿದ್ದದ್ದು ತಾರೀಖಿನಲ್ಲಿ. ಒಬ್ಬರ ಕಥೆ ಜುಲೈಯಲ್ಲಿ ಶುರುವಾಗುತ್ತದೆ, ಇನ್ನೊಬ್ಬರದು ಆಗಸ್ಟಿನಲ್ಲಿ. ಪಕ್ಷದ ಅಭಿಮಾನಿ ಎಂದರೆ ಇತಿಹಾಸವನ್ನು ತನಗೆ ಬೇಕಾದ ದಿನದಿಂದ ಓದಲು ಆರಂಭಿಸಿ, ಬೇಕಾದ ದಿನ ಪುಸ್ತಕ ಮುಚ್ಚುವವನು. ಇದೇ ವಿಧಾನದಿಂದ ರಾಷ್ಟ್ರಪತಿಗಳ ವರ್ಗೀಕರಣವನ್ನೂ ಮಾಡಬಹುದು. ನಮ್ಮವರ ಸರ್ಕಾರ ಕಳಿಸಿದ್ದಕ್ಕೆ ಸಹಿ ಹಾಕಿದರೆ ಘನತೆವೆತ್ತ ರಾಷ್ಟ್ರಪತಿ. ಎದುರು ಪಕ್ಷದವರ ಸರ್ಕಾರ ಕಳಿಸಿದ್ದಕ್ಕೆ ಹಾಕಿದರೆ ರಬ್ಬರ್ ಸ್ಟಾಂಪು. ಸಹಿ ಹಾಕದೆ ಕೂತರೆ ಈ ಬಿರುದುಗಳು ಅದಲುಬದಲಾಗುತ್ತವೆ.

ಆತ್ಮಸಾಕ್ಷಿಯ ಮುಂದಿನ ಸಂಚಾರವನ್ನೂ ದಾಖಲಿಸಬೇಕು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆಯೂ ಇದಕ್ಕೆ ತಗಲುವುದಿಲ್ಲ. ಬೇರೆ ದಿನಗಳಲ್ಲಿ, ವಿಪ್ ಮೀರಿ ಆತ್ಮಸಾಕ್ಷಿಯಂತೆ ಮತ ಹಾಕಿದ ಶಾಸಕರು ಸ್ಥಾನ ಕಳೆದುಕೊಳ್ಳಬಹುದು. ಅಂದರೆ ನಮ್ಮ ಗಣರಾಜ್ಯದಲ್ಲಿ ಈ ಅಂಗಕ್ಕೆ ಐದು ವರ್ಷಕ್ಕೊಮ್ಮೆ, ಒಂದು ದಿನ, ಬೆಳಗ್ಗೆ 10ರಿಂದ ಸಂಜೆ 5ರವರೆಗೆ, ಪರದೆಯ ಹಿಂದೆ ಕೆಲಸ. ಮಿಕ್ಕ ದಿನಗಳಲ್ಲಿ ಅದನ್ನು ಉಪಯೋಗಿಸಿದರೆ ದಂಡನೆ. ಇಷ್ಟು ಬಿಗಿಯಾದ ಸಮಯಪಾಲನೆ ಸಾರಿಗೆ ಸಂಸ್ಥೆಯ ವೇಳಾಪಟ್ಟಿಯಲ್ಲೂ ಇಲ್ಲ.

ಹೀಗೆ ಪೂರ್ವಾರ್ಧ ಮುಗಿಯಿತು. ಉತ್ತರಾರ್ಧದ ವಸ್ತು ಸವಲತ್ತು. ಇದು ಆತ್ಮಸಾಕ್ಷಿಯಂತೆ ಮಲಗಿ ಏಳುವ ಪದಾರ್ಥವಲ್ಲ; ನಿತ್ಯವಾದದ್ದು, ಅವಿನಾಶಿ, ದೇಹ ಮಾತ್ರ ಬದಲಿಸುತ್ತದೆ.

ಆಧಾರ: ರಾಜಧನ. ಭಾರತದೊಳಗೆ ಸೇರಿದ ಸಂಸ್ಥಾನಗಳ ಅರಸರಿಗೆ ಸರ್ಕಾರ ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದ ಹಣ. ಕೊನೆಕೊನೆಗೆ ಎಲ್ಲರಿಗಿಂತ ಹೆಚ್ಚು ಸಿಗುತ್ತಿದ್ದದ್ದು ನಮ್ಮ ಮೈಸೂರು ಅರಸರಿಗೆ, 26 ಲಕ್ಷ ರೂಪಾಯಿ. ಪ್ರಜಾಪ್ರಭುತ್ವದಲ್ಲಿ ಹುಟ್ಟಿನ ಕಾರಣಕ್ಕೆ ಸವಲತ್ತು ಸಲ್ಲದೆಂದು ಪ್ರಧಾನಿ ಇದನ್ನು ರದ್ದು ಮಾಡಲು ಹೊರಟರು. ಮಾತು ಸರಿಯಾದದ್ದೇ, ಈ ವಾದವನ್ನು ಅಣಕಿಸುವ ಧೈರ್ಯ ನನಗಿಲ್ಲ. 1970ರ ಸೆಪ್ಟೆಂಬರಿನಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಪರ 149, ವಿರೋಧ 75. ಮೂರನೇ ಎರಡು ಬಹುಮತಕ್ಕೆ ಬೇಕಾದದ್ದು 149 ಮತ್ತು ಮೂರನೇ ಒಂದು. ಮೂರನೇ ಒಂದು ಭಾಗದಷ್ಟು ಸದಸ್ಯರು ಎಲ್ಲೂ ಸಿಗದ ಕಾರಣ ಮಸೂದೆ ಬಿತ್ತು. ಕೂಡಲೇ ಅರಸರ ಮಾನ್ಯತೆಯನ್ನೇ ರದ್ದುಪಡಿಸುವ ಆದೇಶ ಗಿರಿಯವರ ಸಹಿಯೊಂದಿಗೆ ಹೊರಬಿತ್ತು, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು, ಮರುವರ್ಷದ ಚುನಾವಣೆ ಗೆದ್ದುಬಂದ ಮೇಲೆ 26ನೇ ತಿದ್ದುಪಡಿಯಿಂದ ರಾಜಧನ 1971ರ ಡಿಸೆಂಬರಿನಲ್ಲಿ ದೇಹ ಬಿಟ್ಟಿತು.

1976ರಲ್ಲಿ ಮಾಜಿ ಸಂಸದರಿಗೆ ಪಿಂಚಣಿ ಹುಟ್ಟಿತು. ಐದು ವರ್ಷ ಸಂಸತ್ತಿನಲ್ಲಿದ್ದವರಿಗೆ ತಿಂಗಳಿಗೆ 300 ರೂಪಾಯಿ. ತುರ್ತು ಪರಿಸ್ಥಿತಿಯ ಕಾಲ. ವಿರೋಧ ಪಕ್ಷದ ಹಲವರು ಜೈಲಿನಲ್ಲಿದ್ದರು. ಮುಂದೆ ಅವರೇ ಅಧಿಕಾರಕ್ಕೆ ಬಂದು ತುರ್ತು ಪರಿಸ್ಥಿತಿಯ ಕುರುಹುಗಳನ್ನು ಒಂದೊಂದಾಗಿ ಕಿತ್ತುಹಾಕಿದಾಗಲೂ ಈ ಕೂಸಿನ ಕೂದಲು ಕೊಂಕಲಿಲ್ಲ. ಈಗ ಅದು ಬೆಳೆದು 31,000 ರೂಪಾಯಿಯಾಗಿದೆ. 1971ರಿಂದ 76ರವರೆಗೆ ಸವಲತ್ತು ಎಲ್ಲಿತ್ತು ಎಂಬುದು ಈ ಶಾಸ್ತ್ರದ ಅತಿ ಕಠಿಣ ಪ್ರಶ್ನೆ. ಪ್ರೇತಾವಸ್ಥೆಯಲ್ಲಿ ಅಲೆಯುತ್ತಿತ್ತೆಂದು ಕೆಲವರು, ಗರ್ಭಸ್ಥವಾಗಿತ್ತೆಂದು ಕೆಲವರು. ನನ್ನ ಒಲವು ಎರಡನೆಯದರ ಕಡೆಗೆ.

2017ರ ಮೇ 1ರಿಂದ ಗಣ್ಯರ ಕಾರಿನ ಮೇಲಿನ ಕೆಂಪು ದೀಪ ಹೋಯಿತೆಂದು ಸವಲತ್ತಿನ ವಿರೋಧಿಗಳು ಎತ್ತುವ ಆಕ್ಷೇಪಣೆಗೆ ಒಂದೇ ಸಾಲಿನ ಸಮಾಧಾನ: ದೀಪ ಹೋಯಿತು, ದೀಪದ ಕೆಳಗಿನ ಕಾರು ಮತ್ತು ಆ ಕಾರಿನ ಮುಂದಿನ ಕಾರು ಉಳಿದವು. ಅದೇ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಹಕ್ಕುಚ್ಯುತಿಗಾಗಿ ಒಂದು ವರ್ಷ ಸೆರೆವಾಸ ಮತ್ತು ತಲಾ 10,000 ರೂಪಾಯಿ ದಂಡ ವಿಧಿಸಿತು. ಚ್ಯುತಿಯಾಗಬಲ್ಲ ಆ ಹಕ್ಕುಗಳು ಯಾವುವು ಎಂಬುದಕ್ಕೆ ಇಂದಿಗೂ ಪೂರ್ಣ ಪಟ್ಟಿಯಿಲ್ಲ. ಶಾಸನ ಮಾಡಿ ಬರೆದಿಡಬಹುದೆಂದು ಸಂವಿಧಾನದ 194ನೇ ವಿಧಿ ಹೇಳಿ ಏಳು ದಶಕ ದಾಟಿದೆ. ಪಟ್ಟಿ ಬರೆದರೆ ಅದು ಎಲ್ಲೋ ಒಂದು ಕಡೆ ಮುಗಿಯಬೇಕಾಗುತ್ತದೆ, ಅದೇ ತೊಡಕು.

ಆತ್ಮಸಾಕ್ಷಿ, ಸವಲತ್ತು ಎರಡೂ ಎದುರುಬದುರಾದದ್ದು ಒಮ್ಮೆ. 2006ರ ಮಾತು. ಲಾಭದಾಯಕ ಹುದ್ದೆ ಹೊಂದಿದ್ದ ಕಾರಣಕ್ಕೆ ರಾಜ್ಯಸಭೆಯಲ್ಲಿ ಜಯಾ ಬಚ್ಚನ್ ಅವರ ಸದಸ್ಯತ್ವ ಹೋಯಿತು, ಸೋನಿಯಾ ಗಾಂಧಿ ರಾಜೀನಾಮೆ ಕೊಟ್ಟರು. ಇನ್ನೆಷ್ಟು ಕುರ್ಚಿಗಳು ಅಲುಗಾಡುವುವೋ ಎಂಬ ಗಾಬರಿಯಲ್ಲಿ ಹತ್ತಾರು ಹುದ್ದೆಗಳಿಗೆ ಹಿಂದಿನ ದಿನಾಂಕದಿಂದಲೇ ವಿನಾಯಿತಿ ಕೊಡುವ ಮಸೂದೆ ತಯಾರಾಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ವಾಪಸು ಕಳಿಸಿದರು. ಅವರ ಐದು ವರ್ಷದಲ್ಲಿ ವಾಪಸು ಹೋದ ಮಸೂದೆ ಅದೊಂದೇ. ಸಂಸತ್ತು ಒಂದಕ್ಷರವನ್ನೂ ತಿದ್ದದೆ ಮತ್ತೆ ಕಳಿಸಿತು. ಎರಡನೆಯ ಸಲ ಬಂದರೆ ರಾಷ್ಟ್ರಪತಿ ಸಹಿ ಹಾಕಲೇಬೇಕು, ಹಾಕಿದರು. ಕಲಾಂ ಅವರನ್ನು ರಾಷ್ಟ್ರಪತಿ ಮಾಡಿದ್ದು ತಾವೇ ಎಂದು ಇಂದಿಗೂ ಕಿತ್ತಾಡುವ ಪಕ್ಷಗಳು ಈ ಪ್ರಸಂಗ ಬಂದಾಗ ಸೌಜನ್ಯದಿಂದ ಮಾತು ಬದಲಿಸುತ್ತವೆ.

ಕೊನೆಯ ಪ್ರಮಾಣವು ಪ್ರತ್ಯಕ್ಷದ್ದು, ವಿಧಾನಸೌಧದ್ದು. 2025ರ ಮಾರ್ಚ್ 21. ಸದನದಲ್ಲಿ ಹನಿಟ್ರ್ಯಾಪ್ ಗದ್ದಲ, ಗುತ್ತಿಗೆ ಮೀಸಲಾತಿಯ ಗದ್ದಲ. ಪ್ರತಿಪಕ್ಷದ ಸದಸ್ಯರು ಸಭಾಧ್ಯಕ್ಷರ ಪೀಠದ ಬಳಿ ಏರಿ ಕಾಗದ ಹರಿದು ತೂರಿದರು. ಯಾರು ಏನು ಹೇಳುತ್ತಿದ್ದಾರೆಂಬುದು ಯಾರಿಗೂ ಕೇಳದ ಆ ಹೊತ್ತಿನಲ್ಲಿ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯವರದನ್ನು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಆ ಕಾಗದದ ಚೂರುಗಳಲ್ಲಿ ಸಂಬಳದ ಮಸೂದೆಯ ಪ್ರತಿ ಇತ್ತೆ ಎಂಬುದು ಭಾವೀ ಸಂಶೋಧಕರಿಗೆ ಬಿಟ್ಟ ವಿಷಯ. ಹದಿನೆಂಟು ಶಾಸಕರು ಆರು ತಿಂಗಳಿಗೆ ಅಮಾನತಾದರು. ಏಳಲೊಲ್ಲದವರನ್ನು ಮಾರ್ಷಲ್‌ಗಳು ಕೈಕಾಲು ಹಿಡಿದು ಎತ್ತಿಕೊಂಡು ಹೊರಗೆ ಬಿಟ್ಟರು. ಎತ್ತಿಸಿಕೊಂಡವರೂ ಸೇರಿದಂತೆ ಎಲ್ಲ ಶಾಸಕರ ಸಂಬಳಕ್ಕೂ ಆ ಮಸೂದೆ ಅನ್ವಯಿಸುತ್ತಿತ್ತು. ಎತ್ತಿದ ಮಾರ್ಷಲ್‌ಗಳ ಸಂಬಳದ ಪ್ರಸ್ತಾಪ ಅದರಲ್ಲಿ ಇರಲಿಲ್ಲ.